ಸ್ಪ್ಯಾನರ್ ಬಿಟ್ಟು ಕೌಂಟರಿಗೆ: ಮೆಕ್ಯಾನಿಕ್‌ಗೆ 7 ಸೂತ್ರಗಳು

ಬೆಂಗಳೂರಿನ ಅಂಜನಾಪುರದಿಂದ ಕನಕಪುರ ರಸ್ತೆಗೋ ಬನ್ನೇರುಘಟ್ಟ ರಸ್ತೆಗೋ ಹೊರಡಿ, ದಾರಿಯುದ್ದಕ್ಕೂ ಗ್ಯಾರೇಜುಗಳು. ಅಲ್ಲಿ ವರ್ಷಗಟ್ಟಲೆ ಗಾಡಿ ಬಿಚ್ಚಿದವನನ್ನು ಒಂದು ದಿನ ಮ್ಯಾನೇಜರ್ ಕರೆದು, "ನಾಳೆಯಿಂದ ಮುಂದಿನ ಕೌಂಟರ್‌ನಲ್ಲಿ ಕೂತ್ಕೊಳಪ್ಪ, ನೀನೇ ಸರ್ವೀಸ್ ಅಡ್ವೈಸರ್" ಅನ್ನುತ್ತಾರೆ. ಇಸ್ತ್ರಿ ಹಾಕಿದ ಷರ್ಟು ಬರುತ್ತದೆ, ಕೈಗೆ ಟ್ಯಾಬ್ ಬರುತ್ತದೆ, ಮಾತು ಮಾತ್ರ ಬರುವುದಿಲ್ಲ. ಐಟಿಐನ 2 ವರ್ಷದಲ್ಲಿ ಕ್ಲಚ್ ಬಿಚ್ಚಲು ಕಲಿತವನಿಗೆ, ಬಿಲ್ ನೋಡಿ ಹುಬ್ಬೇರಿಸಿದವರ ಎದುರು ಏನು ಹೇಳಬೇಕೆಂದು ಕಲಿಸಿದವರಿಲ್ಲ.

1. ಸದ್ದನ್ನು ಸದ್ದಾಗಿಯೇ ಬರೆದುಕೊಳ್ಳಿ. ಗ್ರಾಹಕರು ಪಾರ್ಟಿನ ಹೆಸರು ಹೇಳುವುದಿಲ್ಲ, ಸದ್ದು ಹೇಳುತ್ತಾರೆ. ಈ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ಹಂಪ್ ಇಳಿಯುವಾಗ ಕಟಕಟ ಅಂದರೆ ಲಿಂಕ್ ರಾಡ್, ಬುಷ್ ಕಡೆ ನೋಡಬೇಕು. ಸ್ಪೀಡ್ ಏರಿದಷ್ಟೂ ಗೊಂಯ್ ಅಂದರೆ ವೀಲ್ ಬೇರಿಂಗ್ ಮೇಲೆ ಅನುಮಾನ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಅಂದರೆ ಆಕ್ಸಲ್ ಜಾಯಿಂಟ್; ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀಚ್ ಅಂದರೆ ಬೆಲ್ಟ್. ಜಾಬ್ ಕಾರ್ಡಿನಲ್ಲಿ "ಸಸ್ಪೆನ್ಷನ್ ಚೆಕ್" ಎಂದಷ್ಟೇ ಗೀಚಿದರೆ ಒಳಗಿನ ಹುಡುಗ ಚಕ್ರ ಅಲ್ಲಾಡಿಸಿ, "ಓಕೆ" ಟಿಕ್ ಹಾಕಿ ಮುಗಿಸುತ್ತಾನೆ. ಯಾವಾಗ, ಎಷ್ಟು ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಕೇಳಿ ಬರೆಯಿರಿ. ಆದರೆ ಗ್ರಾಹಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬರುವುದಕ್ಕೆ ಇದ್ಯಾವುದೂ ಸಾಟಿಯಲ್ಲ. ಅಂಜನಾಪುರದಲ್ಲಿ ಬೇರೆ ಟೆಸ್ಟ್ ಟ್ರ್ಯಾಕ್ ಬೇಕಿಲ್ಲ, ಇರುವ ರಸ್ತೆಯೇ ಸಾಕು.

2. ಗಾಡಿಯ ಸುತ್ತ ಇಬ್ಬರೂ ನಡೆಯಿರಿ. ಗೀರು, ಡೆಂಟು, ಕಿಲೋಮೀಟರ್, ಪೆಟ್ರೋಲ್ ಮುಳ್ಳು, ಸ್ಟೆಪ್ನಿ. ಎಲ್ಲಕ್ಕೂ ಫೋಟೊ. 5 ನಿಮಿಷದ ಕೆಲಸ, ಸಂಜೆಯ ಜಗಳ ತಪ್ಪುತ್ತದೆ.

3. ದುಡ್ಡಿನ ಮಾತು ಮೊದಲೇ ಆಡಿ. ಪಾರ್ಟ್ಸ್ ಎಷ್ಟು, ಲೇಬರ್ ಎಷ್ಟು, ಟ್ಯಾಕ್ಸ್ ಎಷ್ಟು, ಬಿಡಿಬಿಡಿಯಾಗಿ ಹೇಳಿ. ಹೆಚ್ಚಿನ ಬಿಡಿಭಾಗಗಳ ಮೇಲಿದ್ದ ಶೇ 28 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ಬಿಲ್ ಹಿಡಿದು ಬರುವವರಿಗೆ ಈ ಲೆಕ್ಕ ತೋರಿಸಲು ಗೊತ್ತಿರಬೇಕು. ಮಧ್ಯದಲ್ಲಿ ಹೊಸ ಕೆಲಸ ಕಂಡರೆ ಕೇಳದೆ ನಟ್ಟಿಗೆ ಕೈ ಹಾಕಿಸಬೇಡಿ.

4. ಬೇಡದ್ದನ್ನು ಬೇಡ ಅನ್ನಿ. ಇನ್ಸೆಂಟಿವ್ ಆಸೆಗೆ ಎಲ್ಲರಿಗೂ ಎಂಜಿನ್ ಫ್ಲಷ್ ಮಾರುವ ಅಡ್ವೈಸರ್‌ಗಳು ಬೇಕಾದಷ್ಟಿದ್ದಾರೆ. ನಿಮ್ಮ ಬಂಡವಾಳ ಬೇರೆ: ಯಾವುದು ಇನ್ನೂ 10 ಸಾವಿರ ಕಿಲೋಮೀಟರ್ ಓಡುತ್ತದೆಂದು ನಿಮ್ಮ ಕೈಗೆ ಗೊತ್ತು. "ಇದು ಇವತ್ತೇ ಆಗಬೇಕು, ಇದು ಮುಂದಿನ ಸರ್ವೀಸಿಗೆ" ಎಂದು ವಿಂಗಡಿಸಿ, ಕಾರಣ ಸೇರಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಬಿಸಿಯಾದಾಗ ಕೈಕೊಡುತ್ತದೆ, ಅದಕ್ಕೇ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸುವುದು. ಇಷ್ಟು ಸಾಕು. ಮನೆಯಲ್ಲಿ ಅಮ್ಮನಿಗೆ ಹೇಳಿ ನೋಡಿ. ಅವರಿಗೆ ಅರ್ಥವಾದರೆ ನೀವು ಪಾಸು.

5. ಗ್ರಾಹಕರು ಫೋನ್ ಮಾಡುವ ಮೊದಲು ನೀವು ಮಾಡಿ. 2021ರ ಜನವರಿಯಲ್ಲಿ ಮೆಟ್ರೊ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ, ಬೆಳಿಗ್ಗೆ ಗಾಡಿ ಬಿಟ್ಟು ಮೆಟ್ರೊ ಹತ್ತಿ ಆಫೀಸಿಗೆ ಹೋಗುವುದು ಈ ಕಡೆಯವರಿಗೆ ಸಲೀಸು. 6 ಗಂಟೆಗೆ ಅಂದದ್ದು 8 ಆಗುವುದಾದರೆ ಮಧ್ಯಾಹ್ನ 3ಕ್ಕೇ ತಿಳಿಸಿ. ತಡವನ್ನು ಸಹಿಸುತ್ತಾರೆ, ಗ್ಯಾರೇಜಿಗೆ ಬಂದು ನಿಂತ ಮೇಲೆ ಕೇಳಿಸಿಕೊಳ್ಳುವ "ಇನ್ನೈದೇ ನಿಮಿಷ ಸಾರ್" ಅನ್ನು ಸಹಿಸುವುದಿಲ್ಲ.

6. ಬಿಚ್ಚಿದ ಹಳೇ ಪಾರ್ಟ್ ಕೈಗಿಟ್ಟು ತೋರಿಸಿ. ಸವೆದ ಬ್ರೇಕ್ ಪ್ಯಾಡ್ ನಿಮಗಿಂತ ಚೆನ್ನಾಗಿ ಮಾತಾಡುತ್ತದೆ.

7. ಒಳಗಿನವರನ್ನು ಬಿಟ್ಟುಕೊಡಬೇಡಿ. ಕೆಲಸ ಕೆಟ್ಟರೆ ಗ್ರಾಹಕರ ಎದುರು "ಹುಡುಗ ಸರಿಯಾಗಿ ಮಾಡಿಲ್ಲ" ಅನ್ನಬೇಡಿ. ತಪ್ಪು ಗ್ಯಾರೇಜಿನದು, ಕ್ಷಮೆ ನಿಮ್ಮದು. ಟೈಮ್ ಕೊಡುವ ಮುಂಚೆ ಒಳಗೆ ಹೋಗಿ, "ಎಷ್ಟೊತ್ತಿಗೆ ಆಗತ್ತಪ್ಪಾ?" ಎಂದು ಕೇಳಿ ಬನ್ನಿ. ಮಾತು ಕೊಡುವವರು ನೀವು, ಗಾಡಿ ರೆಡಿ ಮಾಡುವವನು ಅವನೇ.