ಥಂಡಿಗೆ ಚಾಲೂ ಆಗದ ಹಳೆ ಟ್ರ್ಯಾಕ್ಟರ್: ಹೀಟರ್ ಪ್ಲಗ್ ನೋಡಿದ್ದೀರಾ?

ತೊಗರಿ ರಾಶಿಯೂ ಥಂಡಿಯೂ ನಮ್ಮಲ್ಲಿ ಒಟ್ಟಿಗೇ ಬರುತ್ತವೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಕುರಕುಂಟಾ, ಸೇಡಂ, ಚಿಂಚೋಳಿ ಕಡೆ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಕೂಲಿಯವರು ಹೊಲಕ್ಕೆ ಬಂದಾಗಿದೆ, ಹಳೆ ಟ್ರ್ಯಾಕ್ಟರ್ ಮಾತ್ರ ಬಿಳಿ ಹೊಗೆ ಬಿಡುತ್ತ ನಿಂತಿದೆ. ಆಗ ಕೆಲವರು ಏರ್ ಕ್ಲೀನರ್ ಬಾಯಿಗೆ ಉರಿಯುವ ಚಿಂದಿ ಹಿಡಿಯುತ್ತಾರೆ. ದಯವಿಟ್ಟು ಬಿಡಿ. ಅದರೊಳಗೆ ಎಣ್ಣೆ ಇದೆ, ಪಕ್ಕದಲ್ಲೇ ಒಣ ತೊಗರಿ ಕಟ್ಟಿಗೆ ಇದೆ. ಈಥರ್ ಸ್ಪ್ರೇ ಇನ್ನೂ ಅಪಾಯ: ಕಾದ ಹೀಟರ್ ತಗುಲಿ ಸಿಡಿದರೆ ಪಿಸ್ಟನ್ ಒಡೆಯಬಹುದು, ಕೈ ಸುಡಬಹುದು.

ಮೊದಲು ಹೊಗೆ ನೋಡಿ. ಸೆಲ್ಫ್ ಹೊಡೆದಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿದೆಯೇ, ಫಿಲ್ಟರ್ ಕಟ್ಟಿದೆಯೇ ನೋಡಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಒತ್ತಿದ ಗಾಳಿಯ ಕಾವಿಗೇ ಉರಿ ಹತ್ತಬೇಕು. ತಣ್ಣಗಿನ ಹೆಡ್ ಆ ಕಾವನ್ನು ಹೀರುತ್ತದೆ. ಹೀಟರ್ ಇರುವುದೇ ಅದಕ್ಕೆ.

ನಿಮ್ಮ ಗಾಡಿಯಲ್ಲಿ ಯಾವ ಬಗೆಯದಿದೆ ಎಂಬುದೇ ಮುಖ್ಯ. ಮ್ಯಾಸ್ಸಿ 1035ರಂಥವುಗಳಲ್ಲಿ ಪ್ರತಿ ಸಿಲಿಂಡರಿಗೂ ಪ್ಲಗ್ ಇಲ್ಲ. ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲಿ ಒಂದೇ ಹೀಟರ್, ಅದಕ್ಕೆ ಸಣ್ಣ ಡೀಸೆಲ್ ಪೈಪು. ಆ ಪೈಪು ಕಟ್ಟಿದರೆ ಹೀಟರ್ ಕಾದರೂ ಉರಿ ಏಳದು. 1960ರ ದಶಕದ ಬಿ-275ರಂಥ ಹಳೆ ಟ್ರ್ಯಾಕ್ಟರ್ ಎಂಜಿನ್‌ಗಳಲ್ಲಿ ಸಿಲಿಂಡರಿಗೊಂದು ಪ್ಲಗ್. ಎರಡು ತುದಿಯ ಪ್ಲಗ್‌ಗಳಾದರೆ ಒಂದರಿಂದ ಒಂದಕ್ಕೆ ಸರಪಳಿಯಂತೆ ಜೋಡಿಸಿರುತ್ತಾರೆ. ಒಂದು ಹೋದರೆ ಎಲ್ಲವೂ ತಣ್ಣಗೆ. ಹೀಟರ್ ಹಾಕಿ, ಟೆಸ್ಟ್ ಲ್ಯಾಂಪಿನ ತಂತಿಯನ್ನು ಎಂಜಿನ್‌ಗೆ ಅರ್ಥ್ ಮಾಡಿ, ಪ್ಲಗ್‌ಗಳ ತುದಿಗಳಿಗೆ ಸಾಲಾಗಿ ಮುಟ್ಟಿಸುತ್ತ ಹೋಗಿ. ಯಾವ ಪ್ಲಗ್ ದಾಟಿದ ಮೇಲೆ ದೀಪ ಆರುತ್ತದೋ ಅದೇ ಹಾಳಾದದ್ದು. ಈ ಪ್ಲಗ್‌ಗಳಿಗೆ ಎರಡು ವೋಲ್ಟಿನ ಆಸುಪಾಸು ಸಾಕು. 12 ವೋಲ್ಟ್ ನೇರವಾಗಿ ಕೊಟ್ಟು ಪರೀಕ್ಷಿಸಬೇಡಿ, ಚೆನ್ನಾಗಿದ್ದದ್ದೂ ಸುಟ್ಟುಹೋಗುತ್ತದೆ. ಒಂದೇ ತುದಿಯ ಪ್ಲಗ್‌ಗಳು ಬೇರೆ ಬೇರೆಯಾಗಿ ಕರೆಂಟ್ ಪಡೆಯುತ್ತವೆ, ಒಂದು ಹೋದರೂ ಉಳಿದವು ಕಾಯುತ್ತವೆ.

ಅಂಗಡಿಗೆ ಹಳೆ ಪ್ಲಗ್ ಹಿಡಿದುಕೊಂಡೇ ಹೋಗಿ. ಚೂಡಿ, ಉದ್ದ, ವೋಲ್ಟ್ ಮೂರೂ ಹೊಂದಬೇಕು. ಉದ್ದ ಹೆಚ್ಚಾದರೆ ಒಳಗೆ ತಾಗುತ್ತದೆ.

ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಎಂಜಿನ್ ಉಗುರುಬೆಚ್ಚಗಿರುವಾಗ, ತುಕ್ಕಿನ ಎಣ್ಣೆ ಬಿಟ್ಟು, ನಿಧಾನಕ್ಕೆ ತಿರುಗಿಸಿ. ಗಟ್ಟಿ ಕುಳಿತದ್ದನ್ನು ಉದ್ದನೆ ಪಾನಾದಿಂದ ಎಳೆದರೆ ತುದಿ ಹೆಡ್‌ನಲ್ಲೇ ಮುರಿಯುತ್ತದೆ; ಆಮೇಲೆ ಹೆಡ್ ಇಳಿಸುವ ಖರ್ಚು. ಇಲ್ಲಿನ ಪರ್ಶಿ, ಸಿಮೆಂಟ್ ದೂಳನ್ನು ಬಿಚ್ಚುವ ಮೊದಲೇ ಒರೆಸಿ, ತೂತಿನೊಳಗೆ ಹರಳು ಬೀಳಬಾರದು. ತೂತಿನ ಕರಿ ಕೆರೆದು, ಹೊಸದನ್ನು ಕೈಯಿಂದಲೇ ಪೂರ್ತಿ ತಿರುಗಿಸಿ, ಕೊನೆಗಷ್ಟೇ ಪಾನಾ ಹಾಕಿ.

ಬ್ಯಾಟರಿ ದುರ್ಬಲವಾಗಿದ್ದರೆ ಹೊಸ ಪ್ಲಗ್‌ ಇದ್ದೂ ಪ್ರಯೋಜನವಿಲ್ಲ. ಅರ್ಥ್ ತಂತಿಯ ತುಕ್ಕನ್ನೂ ಉಜ್ಜಿ ತೆಗೆಯಿರಿ. ಹೀಟರ್ 15-20 ಸೆಕೆಂಡ್ ಹಿಡಿದು ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡಿಗೆ ಹಿಡಿಯದಿದ್ದರೆ ಬಿಟ್ಟು, ಅರ್ಧ ನಿಮಿಷ ತಡೆದು, ಮತ್ತೆ ಕಾಯಿಸಿ.