ಡೆಕ್ಸಾಮೆಥಾಸೋನ್: ಹೆಸರಿನ ಅರ್ಥ ಮತ್ತು ದನಗಳಲ್ಲಿ ಬಳಕೆ

ಜ್ವರ ಬಂದು ಮೇವು ಬಿಟ್ಟು ಮಲಗಿದ್ದ ಹಸು ಒಂದೇ ಚುಚ್ಚುಮದ್ದಿಗೆ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತೆಂದರೆ ಆ ಮದ್ದನ್ನು ರೈತ ಬೇಗ ಮರೆಯುವುದಿಲ್ಲ. ಮುಂದೆ ಕೊಟ್ಟಿಗೆಯಲ್ಲಿ ಯಾವ ದನ ಮಂಕಾದರೂ ಅದೇ ಸೀಸೆಯ ನೆನಪು ಬರುತ್ತದೆ. ಹೀಗೆ ಹಳ್ಳಿಗಳಲ್ಲಿ ಹೆಸರು ಮಾಡಿರುವ ಔಷಧಿಗಳಲ್ಲಿ ಡೆಕ್ಸಾಮೆಥಾಸೋನ್ ಒಂದು. ಆದರೆ ಇದೇ ಮದ್ದು ತುಂಬು ಗಬ್ಬದ ಹಸುವಿಗೆ ಬಿದ್ದರೆ ಕೆಲವೇ ದಿನಗಳಲ್ಲಿ ಅದು ಕಂದು ಹಾಕಬಹುದು. ಆದ್ದರಿಂದ ಸೀಸೆಯ ಮೇಲಿನ ಈ ಉದ್ದನೆಯ ಹೆಸರನ್ನು ಗುರುತಿಸಲು ಕಲಿಯುವುದು ಹೈನುಗಾರರಿಗೆ ಅವಶ್ಯಕ.

ಹೆಸರಿನ ಬಾಲದಲ್ಲಿರುವ 'ಸೋನ್' ಎಂಬುದು ಕಾರ್ಟಿಸೋನ್ ಎಂಬ ಹಳೆಯ ಔಷಧಿಯಿಂದ ಬಂದುದು. ಲ್ಯಾಟಿನ್ ಭಾಷೆಯಲ್ಲಿ ಕಾರ್ಟೆಕ್ಸ್ ಎಂದರೆ ಮರದ ತೊಗಟೆ. ಮೂತ್ರಪಿಂಡದ ಹತ್ತಿರವಿರುವ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೂ ಅದೇ ಹೆಸರು. ಈ 'ತೊಗಟೆ'ಯಲ್ಲಿ ಹುಟ್ಟುವ ರಸದೂತಗಳ ಗುಂಪಿಗೆ ಕಾರ್ಟಿಕೋಸ್ಟೀರಾಯ್ಡ್ ಎನ್ನುತ್ತಾರೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತದ ರೋಗಿಗೆ ಕಾರ್ಟಿಸೋನನ್ನು ಮೊದಲು ಕೊಡಲಾಯಿತು. ಈ ರಸದೂತಗಳ ಸಂಶೋಧನೆಗಾಗಿ ಕೆಂಡಾಲ್, ಹೆಂಚ್ ಮತ್ತು ರೈಕ್‌ಸ್ಟೈನ್ ಅವರಿಗೆ 1950ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆ ಮೊದಲ ದಿನಗಳಲ್ಲಿ ಕಾರ್ಟಿಸೋನನ್ನು ದನಗಳ ಪಿತ್ತರಸದಿಂದಲೇ ತಯಾರಿಸುತ್ತಿದ್ದರು. ದನದಿಂದ ಬಂದ ಮದ್ದು ಈಗ ಹೊಸ ರೂಪದಲ್ಲಿ ದನಕ್ಕೇ ಮರಳಿದೆ ಎನ್ನಬಹುದು.

ಹೆಸರಿನ ನಡುವಿನ 'ಮೆಥಾ' ಎಂಬುದು ಮಿಥೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪನ್ನು ಸೂಚಿಸುತ್ತದೆ. ಈ ಗುಂಪು ಒಂದು ಬದಿಗಿದ್ದರೆ ಡೆಕ್ಸಾಮೆಥಾಸೋನ್, ಇನ್ನೊಂದು ಬದಿಗಿದ್ದರೆ ಬೀಟಾಮೆಥಾಸೋನ್. ಹೆಸರು ಬೇರೆಯಾದರೂ ಗುಣದಲ್ಲಿ ಇವೆರಡೂ ಅಣ್ಣತಮ್ಮಂದಿರು. ಉರಿಯೂತ ತಗ್ಗಿಸುವುದರಲ್ಲಿ ಡೆಕ್ಸಾಮೆಥಾಸೋನ್ ಶರೀರದ ಸ್ವಂತ ರಸದೂತಕ್ಕಿಂತ ಸುಮಾರು 25 ಪಟ್ಟು ಬಲಶಾಲಿ. ಪ್ರೆಡ್ನಿಸೋಲೋನ್ ಸುಮಾರು 4 ಪಟ್ಟು.

ಹಾಗೆಂದು ಬಾಲವೊಂದನ್ನೇ ನೋಡಿ ತೀರ್ಮಾನಿಸಬಾರದು. ಸೆಫ್ಟ್ರಿಯಾಕ್ಸೋನ್ ಎಂಬ ಹೆಸರೂ 'ಸೋನ್' ಎಂದೇ ಮುಗಿಯುತ್ತದೆ. ಆದರೆ ಅದು ರೋಗಾಣುಗಳನ್ನು ಕೊಲ್ಲುವ ಆಂಟಿಬಯಾಟಿಕ್, ಸ್ಟೀರಾಯ್ಡ್ ಅಲ್ಲ. ಡೆಕ್ಸಾಮೆಥಾಸೋನ್ ಒಂದು ರೋಗಾಣುವನ್ನೂ ಕೊಲ್ಲುವುದಿಲ್ಲ. ಎಲ್ಲ ಗೊಂದಲಕ್ಕೂ ಮೂಲ ಇಲ್ಲಿದೆ. ಅದು ಊತ, ನೋವು, ಜ್ವರಗಳನ್ನು ಇಳಿಸುತ್ತದೆ, ಮಂಕು ಕಳೆದು ದನ ಚುರುಕಾಗುತ್ತದೆ. ಒಳಗಿನ ಸೋಂಕು ಮಾತ್ರ ಹಾಗೆಯೇ ಇರುತ್ತದೆ. ಅಷ್ಟೇ ಅಲ್ಲ, ಶರೀರದ ರೋಗನಿರೋಧಕ ಶಕ್ತಿಯೂ ಕುಗ್ಗುವುದರಿಂದ ಸೋಂಕು ಹರಡಲು ದಾರಿಯಾಗುತ್ತದೆ, ಮೈಯಲ್ಲಿ ಅಡಗಿ ಕುಳಿತ ವೈರಸ್ ಸಹ ಮತ್ತೆ ತಲೆ ಎತ್ತಬಹುದು. ಲಸಿಕೆ ಹಾಕಿಸುವ ದಿನಗಳಲ್ಲಿ ಕೊಟ್ಟರೆ ಲಸಿಕೆಯ ಫಲ ಕಡಿಮೆಯಾಗಬಹುದು. ಕಣ್ಣಿನ ಗುಡ್ಡೆಯ ಮೇಲೆ ಹುಣ್ಣಾಗಿದ್ದಾಗ ಸ್ಟೀರಾಯ್ಡ್ ಬೆರೆತ ಮುಲಾಮು ಹಾಕಿದರೆ ಕಣ್ಣೇ ಹೋದೀತು.

ಮದ್ದು ಕೆಟ್ಟದ್ದೆಂದು ಇದರ ಅರ್ಥವಲ್ಲ. ಕರು ಹಾಕಿದ ಕೆಲವು ವಾರಗಳಲ್ಲಿ ಹೆಚ್ಚು ಹಾಲಿನ ಹಸುಗಳಿಗೆ ಬರುವ ಕೀಟೋಸಿಸ್‌ನಲ್ಲಿ ರಕ್ತದ ಸಕ್ಕರೆಯನ್ನು ಏರಿಸಲು ಪಶುವೈದ್ಯರು ಇದನ್ನು ಬಳಸುತ್ತಾರೆ. ಒಗ್ಗದ ವಸ್ತುವಿನಿಂದ ಮೈಯೆಲ್ಲ ದದ್ದು ಎದ್ದಾಗಲೂ ಇದು ನೆರವಿಗೆ ಬರುತ್ತದೆ.

ಗಬ್ಬದ ವಿಷಯವನ್ನು ವಿವರವಾಗಿ ತಿಳಿಯಬೇಕು. ತಾಯಿಯ ಗರ್ಭದಲ್ಲಿ ಬೆಳೆದ ಕರು ತಾನೇ ಹೆರಿಗೆಗೆ ಸೂಚನೆ ಕೊಡುತ್ತದೆ. ದಿನ ತುಂಬಿದಾಗ ಕರುವಿನ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸೋಲ್ ಹೆಚ್ಚಾಗಿ ಸ್ರವಿಸಿ ಹೆರಿಗೆ ಆರಂಭವಾಗುತ್ತದೆ. ಇದನ್ನು 1960ರ ದಶಕದಲ್ಲಿ ನ್ಯೂಜಿಲೆಂಡಿನ ಲಿಗ್ಗಿನ್ಸ್ ಎಂಬ ವೈದ್ಯರು ಕುರಿಗಳಲ್ಲಿ ತೋರಿಸಿಕೊಟ್ಟರು. ಹೊರಗಿನಿಂದ ಚುಚ್ಚಿದ ಡೆಕ್ಸಾಮೆಥಾಸೋನನ್ನು ತಾಯಿಯ ಶರೀರ ಅದೇ ಸೂಚನೆಯೆಂದು ತಿಳಿಯುತ್ತದೆ. ಹಸುವಿನ ಗಬ್ಬ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಕೊನೆಯ ಮೂರು ತಿಂಗಳಲ್ಲಿ ಅಪಾಯ ಹೆಚ್ಚು. ದಿನ ತುಂಬದ ಕರು ಉಳಿಯುವುದು ಕಷ್ಟ. ತಾಯಿಗೆ ಮಾಸು ಬೀಳದೆ ಗರ್ಭಕೋಶ ಕೊಳೆಯುವುದುಂಟು. ತಾಯಿಯ ಜೀವಕ್ಕೆ ಕುತ್ತು ಬಂದಾಗ ಪಶುವೈದ್ಯರು ಬೇಕೆಂದೇ ಈ ಮಾರ್ಗ ಹಿಡಿಯುವುದೂ ಉಂಟು, ಆದರೆ ಅವರು ದಿನ ಲೆಕ್ಕ ಹಾಕಿ, ಮುಂದಿನ ಆರೈಕೆಗೆ ಸಿದ್ಧರಾಗಿರುತ್ತಾರೆ. ಆದ್ದರಿಂದ ಚಿಕಿತ್ಸೆಗೆ ಬಂದವರಿಗೆ ಹಸು ಯಾವ ದಿನ ಕೊಡಿಸಿದ್ದು, ಎಷ್ಟು ತಿಂಗಳ ಗಬ್ಬ ಎಂಬುದನ್ನು ಕೇಳುವ ಮುಂಚೆಯೇ ಹೇಳಬೇಕು. ಗಬ್ಬವಿಲ್ಲದ ಕರೆಯುವ ಹಸುವಿನಲ್ಲಿಯೂ ಈ ಮದ್ದಿನಿಂದ ಕೆಲವು ದಿನ ಹಾಲು ಇಳಿಯುತ್ತದೆ. ಬಹಳ ದಿನ ಕೊಟ್ಟು ಥಟ್ಟನೆ ನಿಲ್ಲಿಸಿದರೆ, ಸೋಮಾರಿಯಾದ ಸ್ವಂತ ಗ್ರಂಥಿ ಕೆಲಸಕ್ಕೆ ಮರಳದೆ ದನ ಬಸವಳಿಯುತ್ತದೆ.

ಸೀಸೆಯ ಮೇಲೆ ಕಂಪನಿ ಇಟ್ಟ ಹೆಸರೂ ಮದ್ದಿನ ನಿಜವಾದ ಹೆಸರೂ ಇರುತ್ತವೆ. ಓದಬೇಕಾದುದು ಆ ನಿಜವಾದ ಹೆಸರನ್ನೇ. 'ಡೆಕ್ಸಾಮೆಥಾಸೋನ್ ಸೋಡಿಯಂ ಫಾಸ್ಫೇಟ್' ಎಂದಿದ್ದರೆ ಮೇಲಿನ ಹೆಸರು ಏನೇ ಇರಲಿ, ಮದ್ದು ಇದೇ. ಕೆಚ್ಚಲು ಬಾವಿಗೆ ಬಳಸುವ ಕೆಲವು ಟ್ಯೂಬುಗಳಲ್ಲಿಯೂ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಡೆಕ್ಸಾಮೆಥಾಸೋನ್ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಿ. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಹಾಲು ಮಾರಬಾರದೆಂಬುದನ್ನು ಚೀಟಿಯಲ್ಲಿ ನೋಡಬೇಕು. ಆ ಅವಧಿ ಪರೀಕ್ಷೆಯಿಂದ ಗೊತ್ತಾಗದ ಪಶು ಔಷಧಿಗಳಿಗೆ 2012ರ ನಿಯಮದಂತೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಬಿಡಬೇಕು. ಖಾಲಿ ಸೀಸೆಯನ್ನು ಎಸೆಯದೆ ಇಟ್ಟುಕೊಂಡರೆ ಮುಂದೆ ಬರುವ ಪಶುವೈದ್ಯರಿಗೆ ತೋರಿಸಲು ಅನುಕೂಲ.