ಹಳೆ ಹಾರ್ಡ್ ಡಿಸ್ಕ್: ‘ಗುಡ್’ ಎಂದಿದ್ದರೆ ಸಾಲದು, ಅಂಕಿ ನೋಡಿ

ಐದಾರು ವರ್ಷ ದುಡಿದ ಕಂಪ್ಯೂಟರಿನಲ್ಲಿ ಫೈಲ್ ತೆರೆಯಲು ತಡವಾಗುತ್ತಿದೆಯೇ? ಮದುವೆ ಫೋಟೊ, ಮಕ್ಕಳ ಅಂಕಪಟ್ಟಿ, ಜಮೀನಿನ ಕಾಗದಪತ್ರದ ಸ್ಕ್ಯಾನ್ ಎಲ್ಲವೂ ಅದೊಂದರಲ್ಲೇ ಇದ್ದರೆ, ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ತಪಾಸಣೆ ಆಮೇಲೆ. ಸೊರಗಿದ ಡಿಸ್ಕನ್ನು ಆಮೂಲಾಗ್ರ ಓದಿಸುವ ಪರೀಕ್ಷೆಯೇ ಅದನ್ನು ಮಲಗಿಸಿಬಿಡಬಹುದು. ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಅಂತೂ ಬೇಡವೇ ಬೇಡ.

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಈ ವ್ಯವಸ್ಥೆಗೆ ‘ಸ್ಮಾರ್ಟ್’ ಎಂದು ಹೆಸರು. ವಿಂಡೋಸ್‌ನಲ್ಲಿ ಅದನ್ನು ಓದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಉಬುಂಟು ಬಳಸುವವರು ‘ಡಿಸ್ಕ್ಸ್’ ಆ್ಯಪ್ ತೆರೆದರಾಯಿತು.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದೊಡನೆ ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿರುತ್ತವೆ. ಅಂದರೆ 16 ಇದ್ದಲ್ಲಿ 10 ಎಂದು ಕಾಣುತ್ತದೆ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ಗೆ ಹೋಗಿ, ರಾ ವ್ಯಾಲ್ಯೂಸ್‌ನಲ್ಲಿ ‘10 ಡೆಕ್’ ಆರಿಸಿಕೊಳ್ಳಿ.

ಈಗ ಮೂರು ಸಾಲು ಹುಡುಕಿ. 05: ಕೆಟ್ಟ ಸೆಕ್ಟರ್‌ಗಳ (ಡಿಸ್ಕಿನಲ್ಲಿ ಡೇಟಾ ಕೂರುವ ಪುಟ್ಟ ಭಾಗಗಳ) ಬದಲು ಮೀಸಲು ಸೆಕ್ಟರ್‌ಗಳನ್ನು ಎಷ್ಟು ಸಲ ಬಳಸಿದೆ ಎಂಬ ಲೆಕ್ಕ. ಸಿ5: ಓದಲು ತೊಡಕಾಗಿ, ಇನ್ನೂ ತೀರ್ಮಾನವಾಗದೆ ಉಳಿದವು. ಸಿ6: ಸರಿಪಡಿಸಲಾಗದವು. ಮೂರೂ ಸೊನ್ನೆಯಿದ್ದರೆ ಸದ್ಯಕ್ಕೆ ನೆಮ್ಮದಿ. ನನ್ನ ಮಟ್ಟಿಗೆ ಸಿ5ರ ಏರಿಕೆಯೇ ಹೆಚ್ಚು ಆತಂಕದ್ದು. ಆ ಜಾಗದಲ್ಲಿ ನಿಮ್ಮ ಫೈಲ್ ಇದ್ದರೆ ಅದು ಈಗಾಗಲೇ ಕೈತಪ್ಪಿರಬಹುದು.

ಒಂದು ಸಲ ನೋಡಿ ಸುಮ್ಮನಾಗಬೇಡಿ. ತಿಂಗಳಿಗೊಮ್ಮೆ ಈ ಅಂಕಿಗಳನ್ನು ತಾರೀಖಿನ ಸಮೇತ ಕ್ಯಾಲೆಂಡರಿನಲ್ಲೋ ಡೈರಿಯಲ್ಲೋ ಗುರುತು ಹಾಕಿ. 05ರಲ್ಲಿ 8 ಇದ್ದು ವರ್ಷವಿಡೀ ಕದಲದಿದ್ದರೆ, ಅಷ್ಟೇನೂ ಮುಖ್ಯವಲ್ಲದ ಫೈಲ್‌ಗಳಿಗೆ ಆ ಡಿಸ್ಕ್ ನಡೆದೀತು. 8 ಇದ್ದದ್ದು 24, ಆಮೇಲೆ 60 ಆಯಿತೋ, ಹೊಸದು ತನ್ನಿ.

ಇದೇ ಪಟ್ಟಿಯ ಸಿ7 ಸಾಲಿನ ಅಂಕಿ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದು. ಅದನ್ನು ಬದಲಿಸಿ ನೋಡಿ. ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ರ ಎದುರು ಕೋಟಿಗಟ್ಟಲೆ ಅಂಕಿ ಕಂಡರೆ ಗಾಬರಿಯಾಗಬೇಡಿ, ಆ ಕಂಪನಿ ಲೆಕ್ಕ ಬರೆಯುವ ಕ್ರಮವೇ ಹಾಗೆ. ‘ಪವರ್ ಆನ್ ಅವರ್ಸ್’ ಡಿಸ್ಕಿನ ವಯಸ್ಸು ಹೇಳುತ್ತದೆ: ದಿನಕ್ಕೆ 8 ಗಂಟೆಯಂತೆ 7 ವರ್ಷ ದುಡಿದರೆ 20,000 ಗಂಟೆ ದಾಟಿರುತ್ತದೆ. ಉಷ್ಣಾಂಶ ಸದಾ 50 ಡಿಗ್ರಿ ಮೇಲಿದ್ದರೆ ಫ್ಯಾನಿನ ಧೂಳು ತೆಗೆಸಿ.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೋರಿಸುವ ನೀಲಿ ಬಣ್ಣದ ‘ಗುಡ್’ ನಂಬಿ ಬ್ಯಾಕಪ್ ಬಿಡಬೇಡಿ. ಗೂಗಲ್ 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ಕೆಟ್ಟುಹೋದವುಗಳಲ್ಲಿ ಶೇ 36ಕ್ಕೂ ಹೆಚ್ಚಿನವು, ಉಷ್ಣಾಂಶ ಬಿಟ್ಟರೆ, ಸ್ಮಾರ್ಟ್‌ನ ಯಾವ ಸಾಲಿನಲ್ಲೂ ಮುನ್ಸೂಚನೆ ಕೊಟ್ಟಿರಲಿಲ್ಲ.

ಟಕ್ ಟಕ್ ಸದ್ದು ಶುರುವಾದರೆ ಅಂಕಿ ನೋಡುತ್ತಾ ಕೂರಬೇಡಿ. ತಕ್ಷಣ ಕಂಪ್ಯೂಟರ್ ಆಫ್ ಮಾಡಿ. ಬ್ಯಾಕಪ್ ಇಲ್ಲದಿದ್ದರೆ ಮತ್ತೆ ಆನ್ ಮಾಡದೆ, ಡಿಸ್ಕಿನ ಮುಚ್ಚಳ ಬಿಚ್ಚದೆ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.